ಪಕ್ಕಾ ತಂತಿಗೆ ಚುಚ್ಚಿದ ಡಿಸ್ಕು

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಎರಡು ತಂತಿಗಳಿದ್ದವು. ಮರದ ಹಲಗೆಗೆ ನೆಟ್ಟಗೆ ಬಡಿದ, ಗೇಣುದ್ದದ, ತುದಿ ಚೂಪಾದ ಕಬ್ಬಿಣದ ತಂತಿಗಳು. ಅಚ್ಚಿಗೆ ಜೋಡಿಸಿ ಮುಗಿದ ಸುದ್ದಿಯ ಹಾಳೆಯನ್ನು ಎಡಗಡೆಯ ಕಚ್ಚಾ ತಂತಿಗೆ ಚುಚ್ಚಬೇಕು. ಆರು ತಿಂಗಳಾದ ಮೇಲೆ ಅದು ರದ್ದಿ ಅಂಗಡಿಗೆ ಹೋಗುತ್ತದೆ. ಸರಕಾರಿ ಪತ್ರ, ಕರಾರು, ಗ್ಯಾರಂಟಿ ಚೀಟಿ ಇಂಥವು ಬಲಗಡೆಯ ಪಕ್ಕಾ ತಂತಿಗೆ. ಅದು ತುಂಬಿದಾಗ ಹಗ್ಗ ಕಟ್ಟಿ ಅಟ್ಟಕ್ಕೇರಿಸುತ್ತಿದ್ದರು. ಅಟ್ಟದಿಂದ ಯಾವುದೂ ಕೆಳಗಿಳಿದು ಹೊರಗೆ ಹೋದದ್ದಿಲ್ಲ.

ಈಗ ಪತ್ರಿಕೆಯ ಕೆಲಸಕ್ಕೆ ಬರುವವರು ಇಂಥ ತಂತಿಯನ್ನು ನೋಡಿರಲಾರರು. ಅವರಿಗೆ ಹೇಳಬೇಕಾದ ಒಂದು ಸಂಗತಿ ಈ ಎರಡು ತಂತಿಗಳ ನಡುವೆ ನಡೆದದ್ದು. ಅದರಲ್ಲಿ ಒಂದು ತಪ್ಪು ನನ್ನದು.

ನಾನು ಗೊರೇಬಾಳದವಳು. ಎಂಬತ್ತರ ದಶಕದ ಆರಂಭದಲ್ಲಿ ಸಿಂಧನೂರಿನ ಒಂದು ವಾರಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮುದ್ರಣ ವಿಭಾಗದ ಹಿರಿಯರು ಖಾಸೀಂಸಾಬರು. ಎರಡೂ ತಂತಿಗಳ ಒಡೆತನ ಅವರದು. ಮೊದಲ ದಿನ ನಾನೊಂದು ಹಾಳೆಯನ್ನು ನಟ್ಟನಡುವೆ ಚುಚ್ಚಿದೆ. ಅವರು ಅದನ್ನು ಮೆಲ್ಲಗೆ ಬಿಡಿಸಿ ತೂತಿನೊಳಗಿಂದ ನನ್ನನ್ನೇ ನೋಡಿದರು.

"ಏನ್ ಬೇಟಿ, ಅಕ್ಷರದ ಎದೀಗೇ ಚುಚ್ಚೀದೆಲ್ಲ! ಮೂಲೀಗೆ ಚುಚ್ಚಬೇಕು. ಅಂಚಿನಿಂದ ಅರ್ಧ ಇಂಚು. ಹಾಳಿಗೂ ನೋಯಬಾರದು, ಓದಾವಂಗೂ ನೋಯಬಾರದು."

ಅಂದಿನಿಂದ ಅರ್ಧ ಇಂಚು ನನ್ನ ಕೈಗೆ ಕೂತುಬಿಟ್ಟಿತು. ಜೋಡಿಸುವುದು, ಓದುವುದು, ಚುಚ್ಚುವುದು: ಕೈ ತಾನಾಗಿ ಮಾಡುತ್ತಿತ್ತು. ಕೈ ತಾನಾಗಿ ಮಾಡುವ ಕೆಲಸದ ಮೇಲೆ ಕಣ್ಣಿಟ್ಟಿರಬೇಕು ಎಂಬುದು ತಿಳಿದದ್ದು ಬಹಳ ತಡವಾಗಿ.

ಕೆಲ ವರ್ಷಗಳ ಮೇಲೆ ಸುದ್ದಿ ಬರೆಯುವುದನ್ನೂ ನನಗೆ ಹಚ್ಚಿದರು. ಸಂಪಾದಕರು ವಿರೂಪಾಕ್ಷಪ್ಪನವರು ಕೂಗಾಡುವವರಲ್ಲ. ಹಾಳೆಯ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಎರಡೇ ಶಬ್ದ ಬರೆದು ವಾಪಸು ಕಳಿಸುತ್ತಿದ್ದರು: "ಯಾರು ಹೇಳಿದರು?"

ಒಮ್ಮೆ ಲಿಂಗಸುಗೂರಿನ ರಸ್ತೆಯಲ್ಲಿ ಚಿರತೆ ಕಂಡಿತೆಂದು ಬರೆದುಕೊಟ್ಟೆ. ಕೆಂಪು ಪೆನ್ಸಿಲ್ ಬಂತು. ಬಸ್ಸು ಹತ್ತಿ ಹೋದೆ. ನನಗೆ ಹೇಳಿದ ಕಂಡಕ್ಟರಿಗೆ ಹೇಳಿದವನು ಪಂಕ್ಚರ್ ಅಂಗಡಿಯವನು, ಅವನಿಗೆ ಹೇಳಿದವನು ಚಹಾದಂಗಡಿಯವನು. ಚಹಾದಂಗಡಿಯವನು ಸಾಸರ್ ಒರೆಸುತ್ತ ಹೇಳಿದ: "ಚಿರತಿ ಅಂತ ಯಾವ ಮಗ ಅಂದಾನ್ರೀ? ಚಿರತಿಯಂಗ ಏನೋ ಹಾದು ಹೋತು ಅಂದೀನಿ. ನಾಯಿನೂ ಹಂಗ ಹೋಗ್ತೈತಿ." ಚಿರತೆ ನಾಯಿಯಾಗಿ, ನಾಯಿ ಸುದ್ದಿಯಾಗದೆ ನಾನು ಹಿಂದಿರುಗಿದೆ. ಖಾಸೀಂಸಾಬರು ಆ ಹಾಳೆಯನ್ನು ಕೇಳಿ ಪಡೆದು ಕಚ್ಚಾ ತಂತಿಗೆ ಚುಚ್ಚಿದರು. ಒಂದು ವಾರ ನನ್ನನ್ನು "ಚಿರತಿ ಬಂತು" ಎಂದೇ ಕರೆದರು.

ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕ ಆರಂಭವಾಗುವ ಹೊತ್ತಿಗೆ. ಹಸಿರು ಅಕ್ಷರದ ಪರದೆ, ಅಂಗೈಗಿಂತ ದೊಡ್ಡ ಚೌಕದ, ಬಾಗುವ ಫ್ಲಾಪಿ ಡಿಸ್ಕು. ಯಂತ್ರವನ್ನು ಎಬ್ಬಿಸಿ ನಡೆಸುವ ಮೂಲ ವ್ಯವಸ್ಥೆಗೆ ಡಾಸ್ ಎಂದು ಹೆಸರು. ಅದರ ಮೇಲೆ ಕನ್ನಡ ಅಕ್ಷರ ಜೋಡಿಸುವ ತಂತ್ರಾಂಶ. ಅದನ್ನು ಕೂರಿಸಲು ಬಂದ ರಾಯಚೂರಿನ ವೆಂಕಟೇಶ, ನನಗಿಂತ ನಾಲ್ಕು ವರ್ಷ ದೊಡ್ಡವನು, ಒಂದು ಫ್ಲಾಪಿಯನ್ನು ಎತ್ತಿ ಹಿಡಿದು ಹೇಳಿದ:

"ಮಹಾದೇವಿಯವರ, ಇದು ಕೀಲಿ ಡಿಸ್ಕು. ಇದರಾಗ ಒಂದ ಪರವಾನಿಗಿ ಐತಿ. ಮಶಿನ್ನಿಗೆ ಹಾಕಿದ ಕೂಡಲೆ ಅದು ಡಿಸ್ಕು ಬಿಟ್ಟು ಮಶಿನ್ನಿಗೆ ಹೋಗ್ತೈತಿ. ನಾಳೆ ಬ್ಯಾರೆ ಮಶಿನ್ನಿಗೆ ಹೋಗಬೇಕಂದ್ರ ಮೊದಲು ವಾಪಸ್ ಇದೇ ಡಿಸ್ಕಿಗೆ ಕರಕೋಬೇಕು. ಇದನ್ನ ಕಳದ್ರ ಮುಗೀತು."

ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಡಿಸ್ಕನ್ನು, ಅದರ ಗ್ಯಾರಂಟಿ ಚೀಟಿಯೊಂದಿಗೆ, ಜೋಪಾನ ಮಾಡಲು ಖಾಸೀಂಸಾಬರ ಕೈಗೆ ಕೊಟ್ಟೆ. ಅವರು ಎಲ್ಲಿಟ್ಟರೆಂದು ಕೇಳಲಿಲ್ಲ.

ಆ ಯಂತ್ರ ಬಂದ ಮರುವರ್ಷ ಮಸ್ಕಿಯಿಂದ ಹನುಮಂತಪ್ಪನವರು ಬಂದರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅಳತೆಯ ಸರಪಳಿ ಎಳೆದು ನಿವೃತ್ತರಾದವರು. ಎತ್ತರದ ಆಳು, ನಡೆಯುವಾಗ ಈಗಲೂ ಹೆಜ್ಜೆ ಎಣಿಸುವಂತೆ ಕಾಣುತ್ತಿತ್ತು. ಕೈಚೀಲದಲ್ಲಿ ಎಣ್ಣೆ ಹಿಡಿದ ನೋಟುಬುಕ್ಕುಗಳು. ಅವರು ಅವನ್ನು ವಹಿ ಎನ್ನುತ್ತಿದ್ದರು. ಅಳೆಯಲು ಹೋದ ಊರುಗಳಲ್ಲಿ ಹೊಲಗಳಿಗೆ ಜನ ಇಟ್ಟ ಹೆಸರುಗಳನ್ನು ಬರೆದಿಟ್ಟಿದ್ದರು.

"ಸರಕಾರದ ಕಾಗದದಾಗ ಸರ್ವೆ ನಂಬರ್ ಇರ್ತೈತ್ರೀ. ಜನ ನಂಬರ್ ಹೇಳಂಗಿಲ್ಲ. ಕುಂಟೆತ್ತಿನ ಹೊಲ ಅಂತಾರ, ಮಾತಾಡದವರ ಹೊಲ ಅಂತಾರ. ನೀರು ಬಂತು, ನೆಲ ಸಮಾ ಮಾಡಿದ್ರು, ಭತ್ತ ಹಚ್ಚಿದ್ರು. ಈಗ ಕೇಳಿದ್ರ ಹನ್ನೆರಡನೇ ತೂಬಿನ ಗದ್ದಿ ಅಂತಾರ. ಬದು ಹೋತು, ಹೆಸರೂ ಹೋತು."

ವಹಿಯಲ್ಲಿ ಮೂರು ಕಾಲಂ ಇದ್ದವು: ಹೊಲದ ಹೆಸರು, ಊರು, ಹೇಳಿದವರು. ಮೂರನೆಯದನ್ನು ನೋಡಿ ವಿರೂಪಾಕ್ಷಪ್ಪನವರು ಕುರ್ಚಿಯಿಂದ ಎದ್ದರು. "ನೋಡ್ರಿ, ಇವರು ನಮ್ಮ ವರದಿಗಾರರಿಗಿಂತ ಚಲೋ ಅದಾರ," ಎಂದರು. ಪುಸ್ತಕ ನಾವೇ ಮಾಡೋಣವೆಂದು ಅಲ್ಲೇ ಒಪ್ಪಿದರು.

ಪತ್ರಿಕೆ ಬುಧವಾರ ಮುಗಿಯುತ್ತಿತ್ತು. ಪ್ರತಿ ಗುರುವಾರ ಅವರು ಮಸ್ಕಿಯಿಂದ ಬರುವರು. ವಹಿಯಲ್ಲಿ ಅರ್ಧ, ಬಾಯಲ್ಲಿ ಅರ್ಧ; ಎರಡನ್ನೂ ನಾನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೆ. ಹಟ್ಟಿ ಕಡೆಯ ಒಂದು ಹೊಲಕ್ಕೆ ಭೋಂಗಾ ಹೊಲ ಎಂದು ಹೆಸರು. ಗಣಿಯ ಪಾಳಿ ಬದಲಾಗುವಾಗ ಊದುವ ಭೋಂಗಾ ಅಲ್ಲಿಯವರೆಗೆ ಕೇಳುತ್ತಿತ್ತಂತೆ. ಆಚೆಯ ಹೊಲಕ್ಕೆ ಕೇಳುವುದಿಲ್ಲ. ಹೀಗಾಗಿ ಇಲ್ಲಿಯ ಕೂಲಿಯವರು ಬುತ್ತಿ ಬಿಚ್ಚಿದ ಮೇಲೆ ಅವರನ್ನು ನೋಡಿ ಆಚೆಯವರು ಬಿಚ್ಚುತ್ತಿದ್ದರು. ಸಾಲಗುಂದದ ಅತ್ತಿಸೊಸಿ ಹೊಲದ ನಡುವಿನ ಬದುವಿನಲ್ಲಿ ಕಳೆ ಕೀಳಲು ಅತ್ತೆ, ಸೊಸೆ ಇಬ್ಬರೂ ಒಪ್ಪದೆ ಅದೊಂದು ಕಾಡಾಗಿತ್ತು. ಹೀಗೆ ಆರು ವರ್ಷ. ಸಾವಿರಕ್ಕೂ ಮೇಲೆ ಹೆಸರುಗಳಾದವು.

"ವಹಿ ಇಲ್ಲೇ ಇಟಗೊಳ್ಳವ್ವ. ನಮ್ಮನ್ಯಾಗ ಇಲಿ ಅದಾವ," ಎಂದು ಅವರು ಒಂದೊಂದು ವಹಿ ಮುಗಿದಾಗಲೂ ಬಿಟ್ಟುಹೋಗುತ್ತಿದ್ದರು.

ನಾನು ಏನು ಮಾಡುತ್ತಿದ್ದೆ ಎಂಬುದನ್ನು ಈಗ ಹೇಳಬೇಕು. ವಹಿಯ ಕೊನೆಯ ಹಾಳೆ ಜೋಡಿಸಿ ಮುಗಿಸಿದ ಕೂಡಲೇ, ಆ ವಹಿಯನ್ನು ಮೂಲೆಗೆ, ಅರ್ಧ ಇಂಚು ಒಳಗೆ, ಕಚ್ಚಾ ತಂತಿಗೆ ಚುಚ್ಚುತ್ತಿದ್ದೆ. ಜೋಡಿಸಿ ಮುಗಿದ ಹಾಳೆಗೆ ಅದೇ ಜಾಗ. ಆರು ತಿಂಗಳಿಗೊಮ್ಮೆ ಅವು ರದ್ದಿಗೆ ಹೋದವು.

ಅದು ಗೊತ್ತಾದದ್ದು ಯಂತ್ರ ಕೆಟ್ಟ ಮೇಲೆ. ಒಂದು ಮಧ್ಯಾಹ್ನ ವೋಲ್ಟೇಜ್ ಏರಿ ಪ್ರಿಂಟರಿಗೆ ಹೋಗುವ ದಾರಿ ಸುಟ್ಟಿತು. ಅದಾದ ಮೇಲೆ ಒಳಗಿನ ಹಾರ್ಡ್ ಡಿಸ್ಕು ಬೆಳಿಗ್ಗೆ ತಿರುಗಲು ಒಪ್ಪುತ್ತಿರಲಿಲ್ಲ. ಖಾಸೀಂಸಾಬರು ಪೆಟ್ಟಿಗೆಯ ಬದಿಗೆ ಅಂಗೈಯಿಂದ ತಟ್ಟಿ "ಏಳಪ್ಪ, ಏಳು" ಎಂದಾಗ ಗುರ್ ಎಂದು ಏಳುತ್ತಿತ್ತು. ಪ್ರತಿ ದಿನ ಒಂದು ತಟ್ಟು ಹೆಚ್ಚು ಬೇಕಾಯಿತು. ಸಂಪಾದಕರು ಹೊಸ ಕಂಪ್ಯೂಟರ್ ತರಿಸಿದರು. ನಾನು ಮಾತ್ರ ನಿಶ್ಚಿಂತೆಯಿಂದಿದ್ದೆ: ಹೆಚ್ಚೆಂದರೆ ವಹಿಗಳಿಂದ ಮತ್ತೆ ಜೋಡಿಸಿದರಾಯಿತು. ವಹಿ ಹುಡುಕಲು ಕಪಾಟು ತೆಗೆದೆ. ಕಪಾಟು ಖಾಲಿ ಇತ್ತು. ತಂತಿಯ ಕಡೆ ನೋಡಿದೆ. ಅಲ್ಲಿ ಕೊನೆಯದೊಂದು ವಹಿ ಮಾತ್ರ ಉಳಿದಿತ್ತು.

ಗುರುವಾರ ಹನುಮಂತಪ್ಪನವರು ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಅಷ್ಟರಲ್ಲಿ ಅವರ ಕಣ್ಣಿಗೆ ಮಬ್ಬು ಕವಿದಿತ್ತು. ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದೂ ಬಹಳ ದಿನ ಇರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅವರು ನನ್ನ ದನಿ ಬಂದ ಕಡೆ ಮುಖ ಮಾಡಿದರು.

"ನನಗ ಎಲ್ಲಾ ನೆನಪಿಲ್ಲವ್ವ," ಎಂದರು. "ಬರದೀನಲ್ಲ ಅಂತ ಮರತೀನಿ. ಹೇಳಿದವ್ರೂ ಬಾಳ ಮಂದಿ ತೀರಿಹೋಗ್ಯಾರ." ಆಮೇಲೆ, ನನಗೇ ಸಮಾಧಾನ ಹೇಳುವಂತೆ, "ಇರಲಿ, ನಿನ್ನ ಡಬ್ಬ್ಯಾಗ ಅದಾವಲ್ಲ," ಎಂದರು.

ಇದ್ದದ್ದು ನಿಜ. ತಟ್ಟಿದರೆ ಏಳುವ ಡಬ್ಬಿಯಲ್ಲಿ.

ಪರದೆ ನೋಡಿ ಕೈಯಿಂದ ಬರೆದುಕೊಳ್ಳಲು ಶುರುಮಾಡಿದೆ. ನಲವತ್ತು ಪುಟವಾಗುವಷ್ಟರಲ್ಲಿ ಕರೆಂಟು ಹೋಯಿತು. ಮರಳಿ ಬಂದ ಮೇಲೆ ಯಂತ್ರ ಏಳಲು ಅರ್ಧ ದಿನ ಹಿಡಿಯಿತು. ವೆಂಕಟೇಶನಿಗೆ ಫೋನು ಮಾಡಿದೆ. ಮರುದಿನ ಬೆಳಗಿನ ಬಸ್ಸಿಗೆ ಬಂದ.

ಹಳೆಯ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಹೊಸದಕ್ಕೆ ಸಿಕ್ಕಿಸಬಹುದೇ ಎಂದು ನೋಡಿದ. ಅದರ ಅಗಲ ಪಟ್ಟಿಯಂಥ ವೈರುಗಳಿಗೆ ಹೊಸ ಯಂತ್ರದಲ್ಲಿ ಜಾಗವಿರಲಿಲ್ಲ. ಕಡತಗಳನ್ನು ಫ್ಲಾಪಿಗಳಿಗೆ ತುಂಬಿಕೊಂಡ, ಹಳೆಯ ಯಂತ್ರದ ಫ್ಲಾಪಿ ಡ್ರೈವನ್ನು ಬಿಚ್ಚಿ ಹೊಸದಕ್ಕೆ ಹಾಕಿದ, ಇಳಿಸಿದ. ಹೊಸ ವ್ಯವಸ್ಥೆಯಲ್ಲಿ ತೆರೆದರೆ ಭೋಂಗಾ ಹೊಲ ಇರುವೆ ಸಾಲಿನಂಥ ಚಿಹ್ನೆಗಳಾಗಿತ್ತು. ಆ ತಂತ್ರಾಂಶವಿಲ್ಲದೆ ಅಕ್ಷರ ಕಾಣುವುದಿಲ್ಲ, ಆ ತಂತ್ರಾಂಶ ಹಳೆಯ ಡಾಸ್ ಇಲ್ಲದೆ ನಡೆಯುವುದಿಲ್ಲ.

"ಹಂಗಾದ್ರ ಹಳೇ ಡಾಸನ್ನ ಇಲ್ಲಿ ಕೂರಿಸೋಣ," ಎಂದ. ಎಲ್ಲವನ್ನೂ ನಕಲು ಮಾಡಿದರೂ ಯಂತ್ರ ಏಳಲಿಲ್ಲ. ಡಾಸಿನ ಎರಡು ಮುಖ್ಯ ಕಡತಗಳು ಪಟ್ಟಿಯಲ್ಲಿ ಕಾಣದಂತೆ ಅಡಗಿರುತ್ತವೆ, ಸಾಮಾನ್ಯ ನಕಲಿಗೆ ಅವು ಸಿಗುವುದಿಲ್ಲ. ಅವನ್ನು ಬೇರೆ ಆಜ್ಞೆಯಿಂದ ಸಾಗಿಸಬೇಕು. ಅದಾದ ಮೇಲೂ ಇನ್ನೊಂದು ತೊಡಕು: ಹಳೆಯ ಡಾಸಿಗೆ ಹೊಸ ಯಂತ್ರದ ದೊಡ್ಡ ಡಿಸ್ಕು ಪೂರ್ತಿ ಕಾಣದು.

ಅಂದೂ ಗುರುವಾರವಾದ್ದರಿಂದ ಹನುಮಂತಪ್ಪನವರು ಬಂದು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಯಾಕ ಕಾಣಂಗಿಲ್ಲ?"

"ಅದು ಸಣ್ಣ ಡಿಸ್ಕಿನ ಕಾಲದ್ದರೀ ಯಜಮಾನ್ರ. ಅಷ್ಟು ದೊಡ್ಡದು ಅದಕ್ಕ ಲೆಕ್ಕ ಸಿಗಂಗಿಲ್ಲ. ಒಂದು ಸಣ್ಣ ತುಂಡು ಬ್ಯಾರೆ ಮಾಡಿ ಕೊಡಬೇಕು."

"ಅಂದ್ರ ಬದು ಹಾಕಬೇಕು ಅನ್ನು."

ವೆಂಕಟೇಶ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. "ಹೌದ್ರೀ. ಬದಾನ."

ಬದು ಹಾಕಿದ. ಹಳೆಯ ಡಾಸ್ ಹೊಸ ಯಂತ್ರದಲ್ಲಿ ಎದ್ದಿತು. ಅದೇ ಕಪ್ಪು ಪರದೆ, ಅದೇ ಮಿಣುಕುವ ಗೆರೆ. ಕನ್ನಡ ತಂತ್ರಾಂಶವನ್ನು ಕರೆದೆವು. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ಈ ಪ್ರತಿಗೆ ಪರವಾನಿಗೆ ಇಲ್ಲ, ಕೀಲಿ ಡಿಸ್ಕು ಹಾಕಿ. ತಯಾರಿಸಿದ ಕಂಪನಿಯನ್ನು ಕೇಳೋಣವೆಂದರೆ ಅದು ಬಾಗಿಲು ಮುಚ್ಚಿ ಎರಡು ವರ್ಷವಾಗಿತ್ತು.

ಎಲ್ಲರೂ ಖಾಸೀಂಸಾಬರ ಕಡೆ ತಿರುಗಿದೆವು.

"ಹೌದು, ನನಗೇ ಕೊಟ್ಟಾಳ," ಎಂದರು. "ಗ್ಯಾರಂಟಿ ಚೀಟಿ ಜತಿಗೆ ಪಕ್ಕಾ ತಂತಿಗೆ ಚುಚ್ಚೀನಿ."

ವೆಂಕಟೇಶನಿಗೆ ಮೊದಲು ಅರ್ಥವಾಗಲಿಲ್ಲ. "ಏನ ಚುಚ್ಚೀರಿ? ಚೀಟಿ ಚುಚ್ಚೀರಿ?"

"ಚೀಟಿ, ಡಿಸ್ಕು, ಎರಡೂ. ಕಾಗದಾನೂ ಚೌಕ ಐತಿ, ಅದೂ ಚೌಕ ಐತಿ."

"ಯಪ್ಪಾ! ಡಿಸ್ಕಿಗೆ ತೂತು ಹೊಡದೀರಲ್ರೀ ಸಾಬ್ರ!" ವೆಂಕಟೇಶ ತಲೆಯ ಮೇಲೆ ಕೈಹೊತ್ತು ಕೂತ. "ಕೂದಲೆಳೆ ಗೀರಿದ್ರ ಓದಂಗಿಲ್ಲ ಅದು."

ಖಾಸೀಂಸಾಬರ ಮುಖ ಸಣ್ಣದಾಯಿತು. ಎಪ್ಪತ್ತರ ಹತ್ತಿರದ ಮನುಷ್ಯ. ನಮ್ಮ ಮಾತಿಗೆ ಕಾಯದೆ ಅಟ್ಟಕ್ಕೆ ಏಣಿ ಹಚ್ಚಿದರು. ನಾನು ಏಣಿ ಹಿಡಿದೆ. ಒಂದೊಂದೇ ಕಟ್ಟನ್ನು ಕೆಳಗೆ ಇಳಿಸಿದರು. ನಾಲ್ಕನೆಯ ಕಟ್ಟಿನ ನಡುವೆ, ಒಂದು ಕರಾರು ಪತ್ರಕ್ಕೂ ತಹಸೀಲಿ ಕಚೇರಿಯ ಪತ್ರಕ್ಕೂ ಮಧ್ಯೆ, ಕಪ್ಪು ಚೌಕ ಸಿಕ್ಕಿತು. ದೂಳು ಇರಲಿಲ್ಲ. ಎರಡು ಬದಿಯ ಕಾಗದ ಅದನ್ನು ಕಾದಿತ್ತು. ಎಡ ಮೂಲೆಯಲ್ಲಿ, ಅಂಚಿನಿಂದ ಅರ್ಧ ಇಂಚಿಗೆ, ಗುಂಡನೆಯ ತೂತು.

ವೆಂಕಟೇಶ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಹಾಳಾದ ಫ್ಲಾಪಿ ತೆಗೆದುಕೊಂಡು ಅದರ ಹೊದಿಕೆಯನ್ನು ಬ್ಲೇಡಿನಿಂದ ಸೀಳಿ ಮೇಜಿನ ಮೇಲೆ ಬಿಡಿಸಿಟ್ಟ. ನಾವೆಲ್ಲ ಬಗ್ಗಿ ನೋಡಿದೆವು. ಹೊರಗಿನ ಹೊದಿಕೆ ಚೌಕ. ಒಳಗಿನ ತಟ್ಟೆ ಗುಂಡಗೆ. ಚೌಕದೊಳಗೆ ಗುಂಡು ಇಟ್ಟರೆ ನಾಲ್ಕು ಮೂಲೆ ಖಾಲಿ ಉಳಿಯುತ್ತವೆ. ಏಳು ವರ್ಷ ದಿನವೂ ಮುಟ್ಟಿದ ವಸ್ತುವಿನ ಒಳಗೆ ಏನಿದೆಯೆಂದು ನಾನು ನೋಡಿದ್ದು ಅದೇ ಮೊದಲು.

"ಮೂಲೀಗೆ ಚುಚ್ಚೀರಿ," ಎಂದ ವೆಂಕಟೇಶ. "ತಟ್ಟಿಗೆ ತಾಗಿಲ್ಲ."

"ಮತ್ತೆಲ್ಲಿ ಚುಚ್ಚತಾರ?" ಎಂದರು ಖಾಸೀಂಸಾಬರು. ಅವರ ಬಣ್ಣ ತಿರುಗಿ ಬಂದಿತ್ತು. "ಎದೀಗೆ ಚುಚ್ಚಾಕ ನಾನೇನು ಚಿರತಿ ಬರದಾಕಿಯೇನು?"

ಆದರೆ ತೊಡಕು ಮುಗಿದಿರಲಿಲ್ಲ. ಪರವಾನಿಗೆಯನ್ನು ಹಳೆಯ ಯಂತ್ರದಿಂದ ಡಿಸ್ಕಿಗೆ ಕರೆದ ಕ್ಷಣದಿಂದ ಹಳೆಯದರಲ್ಲಿ ತಂತ್ರಾಂಶ ತೆರೆಯದು. ಏಳು ವರ್ಷದ ಡಿಸ್ಕು ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಎರಡೂ ಕಡೆ ಹೋಯಿತು. ಹಾಗೆಯೇ ಬಿಟ್ಟರೆ ಹಳೆಯ ಯಂತ್ರ ಇನ್ನೆಷ್ಟು ದಿನ ಏಳುವುದೋ ಹೇಳಲಾಗದು. ನಾನು ಸಂಪಾದಕರನ್ನು ಕೇಳಿದೆ.

"ನನ್ನನ್ನ ಯಾಕ ಕೇಳತಿ? ಹೆಸರು ಅವರವು," ಎಂದು ಬೆಂಚಿನ ಕಡೆ ತೋರಿಸಿದರು.

ಹನುಮಂತಪ್ಪನವರಿಗೆ ಎರಡೂ ಅಪಾಯಗಳನ್ನು ಬಿಡಿಸಿ ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: "ಮೊದಲು ಅಲ್ಲಿಂದ ಕೀಳಾಕ ಬೇಕೇನು?"

"ಬೇಕ್ರೀ."

"ಸರಪಳಿ ಎಳೆಯಾಕ ನೆಲಕ್ಕ ಕಡ್ಡಿ ಊರತೀವಿ. ಹಿಂದಿನಾವ ಕಡ್ಡಿ ಕಿತ್ತಗೊಂಡ ಮ್ಯಾಲೇ ಮುಂದಿನಾವ ಮುಂದ ಹೋಗಬೇಕು. ಹಿಂದಿನ ಕಡ್ಡಿ ಹಿಡಕೊಂಡು ಕುಂತ್ರ ಹೊಲಾ ಅಳೆಯಾಕ ಆಗಂಗಿಲ್ಲ. ಕೀಳ್ರಿ."

ಹೊತ್ತು ಹನ್ನೊಂದೂವರೆ. ದಿನವೂ ಕರೆಂಟು ಹೋಗುವುದು ಹನ್ನೆರಡಕ್ಕೆ. ವೆಂಕಟೇಶ ಫ್ಲಾಪಿ ಡ್ರೈವನ್ನು ಮತ್ತೆ ಹಳೆಯ ಯಂತ್ರಕ್ಕೆ ಸೇರಿಸಿದ. ಖಾಸೀಂಸಾಬರು ಬದಿಗೆ ತಟ್ಟಿದರು. ಏಳಲಿಲ್ಲ. ಎಣಿಸುತ್ತ ಹೋದೆ, ಒಂಬತ್ತನೆಯ ತಟ್ಟಿಗೆ ಗುರ್ ಎಂದಿತು. ಕೀಲಿ ಡಿಸ್ಕು ಹಾಕಿ ಆಜ್ಞೆ ಕೊಟ್ಟ. ಓದಲಾಗುತ್ತಿಲ್ಲ ಎಂದು ಬಂತು. ಹೊರತೆಗೆದು ನಡುವಿನ ತಟ್ಟೆಯನ್ನು ಬೆರಳಿನಿಂದ ಎರಡು ಸುತ್ತು ತಿರುಗಿಸಿ ಮತ್ತೆ ಹಾಕಿದ. ಮತ್ತೆ ಅದೇ. ಮೂರನೆಯ ಸಲ ಡ್ರೈವಿನ ಕೆಂಪು ದೀಪ ಹತ್ತಿ, ಆರಿ, ಹತ್ತಿತು. ಪರದೆಯ ಮೇಲೆ ಸಾಲು ಬಂತು: ಪರವಾನಿಗೆ ಡಿಸ್ಕಿಗೆ ಮರಳಿದೆ.

ಡ್ರೈವು ಬಿಚ್ಚಿದ, ಹೊಸದಕ್ಕೆ ಹಾಕಿದ. ಅದೇ ಡಿಸ್ಕು, ಇನ್ನೊಂದು ಆಜ್ಞೆ. ಈ ಸಲ ಮೊದಲ ಪ್ರಯತ್ನಕ್ಕೇ ದೀಪ ಹತ್ತಿತು. ನಾನು ತಂತ್ರಾಂಶ ತೆರೆದು ಕಡತವನ್ನು ಕರೆದೆ. ಇರುವೆಗಳು ಸರಿದು ಅಕ್ಷರಗಳಾದವು.

"ಓದವ್ವ," ಎಂದರು ಹನುಮಂತಪ್ಪನವರು.

ಮೊದಲಿನಿಂದ ಓದಿದೆ. ಹನ್ನೆರಡು ಹೊಡೆದರೂ ಅಂದು ಕರೆಂಟು ಹೋಗಲಿಲ್ಲ. ಅವರು ಕಣ್ಣು ಮುಚ್ಚಿ, ಬೆರಳನ್ನು ತೊಡೆಯ ಮೇಲೆ ಆಡಿಸುತ್ತ ಕೇಳಿದರು. ಮರೆತ ಹೆಸರು ಬಂದಾಗ "ಹಾಂ" ಎನ್ನುವರು. "ಹಾಂ, ಮುದುಕಪ್ಪ ಹೇಳಿದ್ದು. ಮಜ್ಜಿಗಿ ಕೊಟ್ಟಿದ್ದ." ಸಾಲಗುಂದ ಮುಗಿದು ಗೊರೇಬಾಳ ಬಂತು. ಓದುತ್ತ ಹೋದವಳಿಗೆ ಒಂದು ಹೆಸರಿಗೆ ಬಂದಾಗ ತಡೆಯಲಾಗಲಿಲ್ಲ, ಬಾಯಿ ಓದಿಬಿಟ್ಟಿತ್ತು: "ತೊಟ್ಟಿಲ ಹೊಲ."

ತೊಡೆಯ ಮೇಲಿನ ಬೆರಳು ನಿಂತಿತು.

"ಇದು ನಾ ಹೇಳಿದ್ದಲ್ಲ."

ಅವರು ಹೇಳಿದ್ದಲ್ಲ ನಿಜ. ಎರಡು ವರ್ಷದ ಹಿಂದೆ ಒಂದು ಗುರುವಾರ, ಅವರು ಹೋದ ಮೇಲೆ, ನಾನೇ ಸೇರಿಸಿದ್ದೆ. ಹೊಲ ನಮ್ಮದಲ್ಲ, ನಮಗೆ ಹೊಲವಿರಲಿಲ್ಲ. ಅವ್ವ ಅಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಬದುವಿನ ಜಾಲಿಗಿಡಕ್ಕೆ ಕೂಲಿಯ ಹೆಣ್ಣುಮಕ್ಕಳು ಸೀರೆಯ ತೊಟ್ಟಿಲು ಕಟ್ಟುತ್ತಿದ್ದರು. ಅದರಲ್ಲೊಂದರಲ್ಲಿ ನಾನು ಮಲಗಿದ್ದೆ. ಹೊಲದ ಒಡೆಯರು ಅದಕ್ಕೆ ಬೇರೆ ಹೆಸರು ಹೇಳುತ್ತಿದ್ದರು. ಈಗ ಜಾಲಿಯೂ ಇಲ್ಲ, ಬದುವೂ ಇಲ್ಲ. ಎಲ್ಲ ಭತ್ತ.

"ಯಾರ ಹೇಳ್ಯಾರ? ಮೂರನೇ ಕಾಲಂದಾಗ ಏನೈತಿ?"

"ಖಾಲಿ ಐತ್ರೀ."

ಸಂಪಾದಕರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹತ್ತು ವರ್ಷಕ್ಕೂ ಮೇಲೆ ಅವರು ನನ್ನ ಹಾಳೆಗಳ ಅಂಚಿನಲ್ಲಿ ಬರೆದ ಎರಡು ಶಬ್ದ ನೆನಪಾದವು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಹೇಳಿದೆ: "ತಪ್ಪಾತ್ರೀ. ತಗದು ಬಿಡತೀನಿ."

"ತಗಿ ಅಂತ ಯಾರಂದ್ರು? ಯಾರ ಹೇಳ್ಯಾರ ಅಂತ ಕೇಳಾಕತ್ತೀನಿ."

"ನಮ್ಮವ್ವ."

ಹನುಮಂತಪ್ಪನವರು ಮಬ್ಬು ಕಣ್ಣು ತೆರೆದು ನನ್ನ ಕಡೆ ಮುಖ ಮಾಡಿದರು.

"ಅಕಿಗೆ ಹೆಸರಿಲ್ಲೇನು? ಬರಿ."

ಹೊಸ ಯಂತ್ರದಲ್ಲಿ ನಾನು ಒತ್ತಿದ ಮೊದಲ ಕನ್ನಡ ಅಕ್ಷರಗಳು ಅವು. ಮೂರನೆಯ ಕಾಲಂ: ದುರುಗವ್ವ, ಕೂಲಿ, ಗೊರೇಬಾಳ.